ಕಚೇರಿಯ ಜಗಲಿಯಲ್ಲಿ ‘ಅಡ್ಡಿಯಿಲ್ಲ’ ಎಂದರೆ ಏನರ್ಥ

ಕಾಸರಗೋಡಿನ ಕಡೆಯ ಪಂಚಾಯತು ಕಚೇರಿ, ವಿಲೇಜ್ ಆಫೀಸು, ಸಹಕಾರಿ ಬ್ಯಾಂಕು, ಯಾವುದೇ ಇರಲಿ, ಜಗಲಿಯಲ್ಲಿ ನಿಂತವರನ್ನು ‘ಇಲ್ಲಿ ಕೂತುಕೊಳ್ಳಲಿಕ್ಕೆಲ್ಲ ಸರಿ ಉಂಟಾ?’ ಎಂದು ಕೇಳಿ ನೋಡಿ. ‘ಅಡ್ಡಿಯಿಲ್ಲ’ ಎನ್ನುತ್ತಾರೆ. ಎರಚಲು ಬಡಿದು ಬೆನ್ನು ಒದ್ದೆಯಾದವರೂ ಹಾಗೆಯೇ ಹೇಳುತ್ತಾರೆ, ಒಂದು ಗಂಟೆಯಿಂದ ಕಾಲು ಬದಲಿಸುತ್ತ ನಿಂತವರೂ ಹಾಗೆಯೇ ಹೇಳುತ್ತಾರೆ. ಅದು ಸುಳ್ಳಲ್ಲ, ಮರ್ಯಾದೆ. ಕೇಳಲು ಬಂದವರ ಮನಸ್ಸು ನೋಯಬಾರದು. ಮೇಲಾಗಿ ತಮ್ಮ ಅರ್ಜಿ ಇನ್ನೂ ಒಳಗಿನ ಮೇಜಿನ ಮೇಲೆ ಉಂಟು. ಹಾಗಾಗಿ ಪ್ರಶ್ನಪತ್ರಿಕೆ ಹಂಚಿ ಅಂಕ ಕೂಡಿಸಿದರೆ ಎಲ್ಲರೂ ತೃಪ್ತರು ಎಂಬ ಫಲಿತಾಂಶ ಸಿಗುತ್ತದೆ. ಅದೇ ಹೊತ್ತಿಗೆ ಹೊಸ ಸ್ಟೀಲ್ ಕುರ್ಚಿಗಳು ಖಾಲಿ ಬಿದ್ದಿರುತ್ತವೆ, ಜನ ಮೆಟ್ಟಿಲ ಮೇಲೆ ಕೂತಿರುತ್ತಾರೆ.

ಇಲ್ಲಿ ಹೇಳುತ್ತಿರುವುದು ಕಚೇರಿ ಕಟ್ಟಡದ ಹೆಸರಿಲ್ಲದ ಜಾಗಗಳು ಜನರಿಗೆ ಹಿಡಿಸಿವೆಯೇ ಎಂದು ಅಳೆಯುವ, ಅವನ್ನು ಸರಿಪಡಿಸುವ ಬಗ್ಗೆ. ಜಗಲಿ, ಮೆಟ್ಟಿಲ ತಿರುವು, ಕುಡಿಯುವ ನೀರಿನ ಫಿಲ್ಟರಿನ ಬದಿ, ಚಾಯ ಕಾಸುವ ಮೂಲೆ, ನೋಟೀಸು ಬೋರ್ಡಿನ ಎದುರಿನ ನಾಲ್ಕಡಿ, ಅಂಗಳದ ಮರದ ಕಟ್ಟೆ. ನಕ್ಷೆಯಲ್ಲಿ ಇವಕ್ಕೆ ಬರೆಯುವುದು ‘ಪ್ಯಾಸೇಜ್’ ಎಂದು ಮಾತ್ರ. ನಮ್ಮ ಹಳೆಯ ಮನೆಗಳನ್ನು ಕಟ್ಟಿದವರು ಜಗಲಿಯನ್ನು ಹಾದುಹೋಗುವ ದಾರಿ ಎಂದು ಎಣಿಸಿದವರಲ್ಲ. ಅದರ ಅಂಚಿಗೆ ಕೂರಲು ಚಿಟ್ಟೆ (ಗಿಡ್ಡ ಕಟ್ಟೆ) ಕಟ್ಟಿದರು, ಒರಗಲು ಕಂಬ ಕೊಟ್ಟರು, ಮಾಡನ್ನು (ಸೂರನ್ನು) ತಲೆ ತಗ್ಗಿಸುವಷ್ಟು ಕೆಳಗಿಳಿಸಿದರು. ಕಚೇರಿ ಕಟ್ಟುವಾಗ ಆ ಎಣಿಕೆ ಕೈಬಿಟ್ಟುಹೋಗಿದೆ. ಒಂದು ಕಟ್ಟಡ ಜನರಿಗೆ ಹಿಡಿಸಿತೋ ಇಲ್ಲವೋ ಎಂಬುದು ಮಾತ್ರ ಬಹುಮಟ್ಟಿಗೆ ತೀರ್ಮಾನವಾಗುವುದು ಇಂಥ ಜಾಗಗಳಲ್ಲೇ, ಏಕೆಂದರೆ ಸಾರ್ವಜನಿಕರು ಒಳಗಿನ ಮೇಜಿನ ಎದುರು ಇರುವುದು ಐದು ನಿಮಿಷ, ಹೊರಗೆ ಇರುವುದು ಐವತ್ತು ನಿಮಿಷ.

ಕೇಳುವ ಮೊದಲು ನೋಡಬೇಕು

ಒಂದು ಹಾಳೆಯಲ್ಲಿ ಜಗಲಿಯ ನಕ್ಷೆ ಕೈಯಲ್ಲೇ ಬರೆದುಕೊಳ್ಳಿ: ಕಂಬ, ಬಾಗಿಲು, ಬೆಂಚು, ಫ್ಯಾನು, ನೀರಿನ ಜಾಗ, ಸಾಕೆಟ್ಟು. ದಿನಕ್ಕೆ ಅದರ ಹತ್ತು ಪ್ರತಿ ತೆಗೆಯಿರಿ. ಕಚೇರಿ ತೆರೆದ ಅರ್ಧ ಗಂಟೆಗೆ ಮೊದಲ ಸುತ್ತು, ಆಮೇಲೆ ಗಂಟೆಗೊಂದು ಸುತ್ತು. ಪ್ರತಿ ಸುತ್ತಿಗೆ ಹೊಸ ಹಾಳೆ. ಕೂತವರಿಗೆ ಸೊನ್ನೆ, ನಿಂತವರಿಗೆ ಗುಣಿಸು ಗುರುತು, ಮಾತಾಡುತ್ತಿರುವವರ ನಡುವೆ ಒಂದು ಗೆರೆ. ಹೆಂಗಸರು, ಗಂಡಸರು, ಮುದುಕರು, ಮಕ್ಕಳನ್ನು ಎತ್ತಿಕೊಂಡವರು ಎಂದು ತಿಳಿಯುವಂತೆ ಒಂದೊಂದು ಅಕ್ಷರ. ಹೆಸರು ಬೇಡ, ಫೋಟೋ ಬೇಡ. ಫೋನು ಎತ್ತಿ ಹಿಡಿದ ಕೂಡಲೇ ಜನ ಎದ್ದು ಸರಿದು ನಿಲ್ಲುತ್ತಾರೆ, ಆಗ ನೋಡಿದ್ದು ನಿಜವಾಗಿ ಉಳಿಯುವುದಿಲ್ಲ. ಒಂದು ಸುತ್ತಿಗೆ ಐದು ನಿಮಿಷ ಸಾಕು. ಸಾಮಾನ್ಯ ದಿನ ಮೂರು, ಜೋರು ಮಳೆಯ ದಿನ ಒಂದು, ಸೆಕೆಯ ಏಪ್ರಿಲಿನಲ್ಲಿ ಒಂದು, ಹೀಗೆ ಐದು ದಿನ ಸಿಕ್ಕಿದರೆ ಚಿತ್ರ ಸ್ಪಷ್ಟವಾಗುತ್ತದೆ. ತೆರಿಗೆಯ ಕೊನೆಯ ವಾರವನ್ನೋ ಪಿಂಚಣಿಯ ನೂಕುನುಗ್ಗಲಿನ ದಿನವನ್ನೋ ಸಾಮಾನ್ಯ ದಿನದ ಲೆಕ್ಕಕ್ಕೆ ಸೇರಿಸಬೇಡಿ. ಅದನ್ನು ಬೇರೆಯೇ ಬರೆದಿಡಿ.

ಲೆಕ್ಕ ಸರಳ. ಎಂಟು ಆಸನ, ಏಳು ಸುತ್ತು ಎಂದಿಟ್ಟುಕೊಳ್ಳಿ, ಒಟ್ಟು 56. ಅದರಲ್ಲಿ ಕೂತದ್ದು 21 ಕಂಡರೆ ಬಳಕೆ ನೂರಕ್ಕೆ 37.5. ಇದನ್ನು ಮಾತ್ರ ನೋಡಿದವರು ‘ಕುರ್ಚಿ ಹೆಚ್ಚಾಯಿತು, ತೆಗೆಯಿರಿ’ ಎನ್ನುತ್ತಾರೆ. ಅದೇ ಸುತ್ತುಗಳಲ್ಲಿ ನಿಂತವರು 14 ಮಂದಿ ಇದ್ದರೆ ಕಥೆ ಬೇರೆ. ಖಾಲಿ ಕುರ್ಚಿ ಎದುರಿಗೇ ಇದ್ದೂ ಜನ ನಿಂತಿದ್ದಾರೆ ಎಂದರೆ ಕುರ್ಚಿಯ ಸಂಖ್ಯೆಯಲ್ಲಿ ಅಲ್ಲ, ಕುರ್ಚಿ ಇರುವ ಜಾಗದಲ್ಲಿ ದೋಷ. ಅಲ್ಲಿ ಕೂತರೆ ಒಳಗಿನಿಂದ ಹೆಸರು ಕರೆದದ್ದು ಕೇಳಿಸುವುದಿಲ್ಲ, ಅಥವಾ ಕೌಂಟರು ಕಾಣಿಸುವುದಿಲ್ಲ, ಅಥವಾ ಮೂರು ಗಂಟೆಯ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ನನ್ನ ಮಟ್ಟಿಗೆ, ಐದು ಅಂಕದ ಯಾವ ಪ್ರಶ್ನೆಗಿಂತಲೂ ‘ಖಾಲಿ ಕುರ್ಚಿಯ ಎದುರು ನಿಂತವರು ಎಷ್ಟು’ ಎಂಬ ಈ ಒಂದು ಲೆಕ್ಕ ಹೆಚ್ಚು ಹೇಳುತ್ತದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳನ್ನು ಕ್ಯಾಮರಾ ಇಟ್ಟು ಗಮನಿಸಿದ ವಿಲಿಯಂ ವೈಟ್, ಜನ ಕೂರುವುದು ಕೂರಲು ಜಾಗ ಇರುವಲ್ಲಿ ಎಂದು ತೋರಿಸಿಕೊಟ್ಟವರು. ನಮ್ಮ ಜಗಲಿಗಳಿಗೆ ಅದರ ಜೊತೆ ಇನ್ನೊಂದು ಸೇರಿಸಬೇಕು: ತನ್ನ ಸರದಿ ತಪ್ಪುವುದಿಲ್ಲ ಎಂಬ ಧೈರ್ಯ ಇರುವಲ್ಲಿ.

ಜನ ಹೋದ ಮೇಲೂ ಜಾಗ ಮಾತಾಡುತ್ತದೆ. ಸಂಜೆ ಕಚೇರಿ ಮುಚ್ಚಿದಾಗ ಒಮ್ಮೆ ಸುತ್ತಿ ನೋಡಿ. ಗೋಡೆಯಲ್ಲಿ ಮೊಣಕಾಲಿನ ಎತ್ತರಕ್ಕೆ ಚಪ್ಪಲಿಯ ಗುರುತು ಕಂಡರೆ ಅಲ್ಲಿ ಜನ ಒಂಟಿ ಕಾಲು ಮಡಚಿ ಗೋಡೆಗೆ ಒರಗಿ ನಿಲ್ಲುತ್ತಾರೆ, ಅಂದರೆ ಅಲ್ಲಿ ಒಂದು ಆಸನ ಬೇಕು. ಕೂತಾಗ ತಲೆ ತಾಗುವ ಎತ್ತರದಲ್ಲಿ ಎಣ್ಣೆಯ ಕಲೆ ಇದ್ದರೆ ಆ ಜಾಗ ಜನರಿಗೆ ಹಿಡಿಸಿದೆ. ಕಿಟಕಿಯ ಸರಳಿಗೆ ಕೊಡೆ ನೇತುಹಾಕಿದ ತುಕ್ಕಿನ ಗೆರೆ, ಕಿಟಕಿಯ ಕಟ್ಟೆಯಲ್ಲಿ ಹೆಲ್ಮೆಟ್ಟಿನ ಉರುಟು ಧೂಳು, ಎಳೆದು ತಂದ ಕುರ್ಚಿಯ ಕಾಲಿನ ಗೀರು, ಹೂಕುಂಡದಲ್ಲಿ ಕಾಗದದ ಲೋಟ: ಇವೆಲ್ಲ ಯಾರೂ ಬಾಯಿಬಿಟ್ಟು ಹೇಳದ ದೂರುಗಳು. ನೆಲದ ಹೆಂಚಿನ ಮೇಲೆ ಸೀಮೆಸುಣ್ಣದಿಂದ ಕುರ್ಚಿಯ ಕಾಲಿನ ಜಾಗ ಬೆಳಗ್ಗೆ ಗುರುತು ಮಾಡಿ, ಸಂಜೆ ಕುರ್ಚಿ ಎಲ್ಲಿಗೆ ಸರಿದಿದೆ ಎಂದು ಅಳೆದರೆ ಇನ್ನೂ ಒಳ್ಳೆಯದು. ಒಂದು ವಾರ ಒಂದೇ ದಿಕ್ಕಿಗೆ ಸರಿದರೆ ಕುರ್ಚಿ ಇರಬೇಕಾದ ಜಾಗ ಅದೇ.

ಕೇಳುವಾಗ

‘ನೀವು ಎಷ್ಟು ತೃಪ್ತರು?’ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ಆ ಪದ ಊಟದ ಎಲೆಯ ಮುಂದೆ ಹೊಂದುತ್ತದೆ, ಜಗಲಿಗೆ ಹೊಂದುವುದಿಲ್ಲ. ಅಭಿಪ್ರಾಯಕ್ಕಿಂತ ನಡೆದದ್ದನ್ನು ಕೇಳಬೇಕು, ಅದೂ ಇವತ್ತೋ ನಿನ್ನೆಯೋ ನಡೆದದ್ದನ್ನು. ‘ಇವತ್ತು ಎಷ್ಟು ಗಂಟೆಗೆ ಬಂದಿರಿ? ಕೂತದ್ದಾ, ನಿಂತದ್ದಾ? ನೀರು ಕುಡಿದಿರಾ, ಎಲ್ಲಿಂದ? ಕೊಡೆ ಎಲ್ಲಿಟ್ಟಿರಿ? ಇನ್ನೊಮ್ಮೆ ಬರುವುದಾದರೆ ಎಲ್ಲಿ ಕೂರ್ತೀರಿ?’ ಇವಕ್ಕೆ ‘ಅಡ್ಡಿಯಿಲ್ಲ’ ಎಂದು ಉತ್ತರಿಸಲು ಬರುವುದಿಲ್ಲ. ಸಿಬ್ಬಂದಿಗೆ: ‘ನಿನ್ನೆ ಹನ್ನೊಂದರ ಚಾಯ ಎಲ್ಲಿ ಕುಡಿದಿರಿ? ಯಾರ ಜೊತೆ? ಬೇರೆ ವಿಭಾಗದವರೊಡನೆ ಕೊನೆಗೆ ಮಾತಾಡಿದ್ದು ಯಾವಾಗ, ಎಲ್ಲಿ?’ ಉತ್ತರಿಸುವವರ ಕಾಗದ ಯಾರ ಮೇಜಿನಲ್ಲಿದೆಯೋ ಅವರೇ ಪ್ರಶ್ನೆ ಕೇಳಬಾರದು. ಕೇಳುವ ಹೊತ್ತು ಕೆಲಸ ಮುಗಿಸಿ ಹೊರಟ ಮೇಲೆ, ಗೇಟಿನ ಹತ್ತಿರ.

ಭಾಷೆಯ ಸಂಗತಿ ಇಲ್ಲಿ ಬೇರೆ ಊರುಗಳಿಗಿಂತ ಹೆಚ್ಚು ಮುಖ್ಯ. ಒಂದೇ ಜಗಲಿಯಲ್ಲಿ ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಕೇಳಿಸುವ ಊರು ಇದು. ಪ್ರಶ್ನಪತ್ರಿಕೆ ಸಾಮಾನ್ಯವಾಗಿ ಮೊದಲು ಮಲಯಾಳದಲ್ಲಿ ತಯಾರಾಗಿ ಆಮೇಲೆ ಕನ್ನಡಕ್ಕೆ ಬರುತ್ತದೆ, ಆಗ ನೋಡಲು ಒಂದೇ ಥರ ಇರುವ ಪದಗಳು ಕೈಕೊಡುತ್ತವೆ. ಮಲಯಾಳದ ‘ಸಂಸಾರ’ ಎಂದರೆ ಮಾತುಕತೆ, ‘ಅವಸರ’ ಎಂದರೆ ಅವಕಾಶ. ಮಾತಾಡಲು ಅವಕಾಶ ಉಂಟೇ ಎಂಬ ಪ್ರಶ್ನೆಯನ್ನು ಪದಕ್ಕೆ ಪದ ಇಟ್ಟು ಕನ್ನಡದಲ್ಲಿ ಬರೆದರೆ ಓದುವ ಅಜ್ಜನಿಗೆ ಸಂಸಾರ ಮತ್ತು ಆತುರ ಕಾಣಿಸುತ್ತವೆ. ಹಾಗಾಗಿ ಕನ್ನಡದ ಪ್ರಶ್ನೆಯನ್ನು ಕನ್ನಡದಲ್ಲೇ ಬರೆದು, ಇನ್ನೊಬ್ಬರಿಂದ ಅದನ್ನು ಮಲಯಾಳಕ್ಕೆ ಬಾಯಲ್ಲಿ ಹೇಳಿಸಿ, ಅರ್ಥ ಒಂದೇ ಬಂತೋ ನೋಡಬೇಕು. ತುಳುವಿನವರಿಗೆ ಬರೆದದ್ದು ಬೇಡ, ಬಾಯಲ್ಲೇ ಕೇಳಿ. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ಸೂಚನಾ ಫಲಕ ಮಲಯಾಳದಲ್ಲಷ್ಟೇ ಇದ್ದರೆ ಅವರು ಕುರ್ಚಿ ಬಿಟ್ಟು ಬಾಗಿಲ ಬುಡದಲ್ಲಿ ನಿಲ್ಲುತ್ತಾರೆ, ಬಂದವರನ್ನೆಲ್ಲ ಕೇಳಬೇಕಲ್ಲ! ಸುತ್ತಿನ ಹಾಳೆಯಲ್ಲಿ ಇದು ಬಾಗಿಲ ಬಳಿಯ ಗುಂಪಾಗಿ ಕಾಣಿಸುತ್ತದೆ. ಕುರ್ಚಿ ತಂದು ಹಾಕಿದರೆ ಅದು ಕರಗುವುದಿಲ್ಲ. ಎರಡು ಲಿಪಿಯ ಫಲಕ ಹಾಕಿದರೆ ಕರಗುತ್ತದೆ.

ಒಂದರಿಂದ ಏಳರವರೆಗೆ ಅಂಕ ಕೊಡಿಸುವ ಪ್ರಶ್ನೆ ಓದುಬರಹ ಬಲ್ಲ ಸಿಬ್ಬಂದಿಗೆ ನಡೆದೀತು. ಜಗಲಿಗೆ ಬರುವವರಿಗೆ ಹತ್ತು ಮಂಜೊಟ್ಟಿ ಕಾಳು (ಕೆಂಪು ಬೀಜ) ಕೊಡಿ. ಚೆನ್ನೆಮಣೆ (ಗುಳಿಗಳಿಗೆ ಕಾಳು ಹಾಕುವ ಆಟ) ಆಡಿದ ಕೈಗಳಿಗೆ ಕಾಳು ಹಂಚುವುದನ್ನು ಕಲಿಸಬೇಕಾಗಿಲ್ಲ. ಆಸನ, ಗಾಳಿ, ಮಳೆ ತಡೆ, ನೀರು, ಪಾಯಿಖಾನೆ ಎಂದು ಐದು ಗೆರಟೆ (ತೆಂಗಿನ ಚಿಪ್ಪು) ಇಟ್ಟು, ಯಾವುದು ಮೊದಲು ಸರಿಯಾಗಬೇಕೋ ಅದಕ್ಕೆ ಹೆಚ್ಚು ಕಾಳು ಹಾಕಲು ಹೇಳಿ. ಪ್ರತಿಯೊಬ್ಬರದ್ದು ಆದ ಕೂಡಲೇ ಎಣಿಸಿ ಬರೆದು ಗೆರಟೆ ಖಾಲಿ ಮಾಡಬೇಕು. ಇಲ್ಲದಿದ್ದರೆ ಹಿಂದಿನವರು ಹಾಕಿದ್ದನ್ನು ನೋಡಿ ಮುಂದಿನವರು ಹಾಕುತ್ತಾರೆ.

ಸಿಬ್ಬಂದಿಯ ಉತ್ತರ ಮತ್ತು ಸಾರ್ವಜನಿಕರ ಉತ್ತರವನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ಹೆಂಗಸರ ಉತ್ತರವನ್ನೂ ಬೇರೆಯೇ ನೋಡಿ. ಹನ್ನೊಂದು ಗಂಟೆಗೆ ಗಂಡಸರು ರಸ್ತೆ ದಾಟಿ ಚಾಯದ ಅಂಗಡಿಗೆ ಹೋಗಿ ಪಟ್ಟಾಂಗ ಹೊಡೆದು ಬರುತ್ತಾರೆ. ಕಚೇರಿಯೊಳಗೆ ಕೂರುವ ಜಾಗ ಇದ್ದರೂ ಇಲ್ಲದಿದ್ದರೂ ಅವರಿಗೆ ಒಂದೇ. ಮೇಜಿನಲ್ಲೇ ಉಳಿದು ಫ್ಲಾಸ್ಕಿನ ಮುಚ್ಚಳದಲ್ಲಿ ಚಾಯ ಕುಡಿಯುವವರು ಹೆಚ್ಚಾಗಿ ಹೆಂಗಸರು. ಒಟ್ಟು ಸಂಖ್ಯೆಯಲ್ಲಿ ಅವರ ಕೊರತೆ ಮುಳುಗಿಹೋಗುತ್ತದೆ. ಹನ್ನೆರಡು ಜನರ ಕಚೇರಿಯಲ್ಲಿ ಶೇಕಡಾವಾರು ಬರೆಯುವುದೂ ಸರಿಯಲ್ಲ, ಅಲ್ಲಿ ಒಬ್ಬರೇ ಶೇಕಡಾ ಎಂಟಾಗುತ್ತಾರೆ. ‘ಹನ್ನೆರಡರಲ್ಲಿ ಐವರು’ ಎಂದು ಬರೆಯಿರಿ.

ಮಳೆಯ ಕೋನ

ನಮ್ಮಲ್ಲಿ ಜಗಲಿಯನ್ನು ಕೆಡಿಸುವ ಮೊದಲ ಸಂಗತಿ ಮಳೆ, ಎರಡನೆಯದೂ ಮಳೆ. ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 3500 ಮಿಲಿಮೀಟರು, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ, ಪಡುವಣ ಗಾಳಿಯ ಜೊತೆ ಓರೆಯಾಗಿ. ಬೆಂಗಳೂರಿನ ಅಥವಾ ತಿರುವನಂತಪುರದ ಮಾದರಿ ನಕ್ಷೆಯನ್ನು ಇಲ್ಲಿಗೆ ತಂದು ಕೂರಿಸಿದಾಗ ಎಡವುವುದು ಇಲ್ಲೇ.

ಲೆಕ್ಕ ಹಾಕಿ ನೋಡಿ. ಮಳೆ ಲಂಬಕ್ಕೆ 30 ಡಿಗ್ರಿ ವಾಲಿ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ಮಾಡಿನ ಅಂಚು ನೆಲದಿಂದ 2.7 ಮೀಟರು ಎತ್ತರ ಇದ್ದರೆ ನೀರು ಒಳಗೆ 1.56 ಮೀಟರಿನವರೆಗೆ ಬರುತ್ತದೆ. ಐದಡಿ ಅಗಲದ ಜಗಲಿ ಪೂರ್ತಿ ಒದ್ದೆ. ಅಂಚನ್ನು 2.1 ಮೀಟರಿಗೆ ಇಳಿಸಿದರೆ ಅದೇ ಮಳೆ 1.2 ಮೀಟರು ಮಾತ್ರ ಒಳಬರುತ್ತದೆ. ಜಗಲಿ 2.4 ಮೀಟರು ಅಗಲ ಇದ್ದರೆ ಗೋಡೆಯ ಬದಿಯ ಅರ್ಧ ಒಣಗಿ ಉಳಿಯುತ್ತದೆ. ಗಾಳಿ ಬಲವಾಗಿ ಮಳೆ 45 ಡಿಗ್ರಿಗೆ ವಾಲಿದರೆ ಅಂಚಿನ ಎತ್ತರ ಎಷ್ಟೋ ಅಷ್ಟೇ ದೂರ ಒಳಗೆ ನೀರು. ಆಗ ಮಾಡು ಒಂದೇ ಸಾಲದು, ಪಡುವಣ ಬದಿಗೆ ಅಡ್ಡ ಬೇಕು. ಎರಡಡಿಯ ಕಾಂಕ್ರೀಟು ಸಜ್ಜಾ 45 ಡಿಗ್ರಿಯ ಮಳೆಯಲ್ಲಿ ತನ್ನ ಕೆಳಗಿನ ಎರಡಡಿ ಗೋಡೆಯನ್ನಷ್ಟೇ ಕಾಯುತ್ತದೆ, ಅದರ ಕೆಳಗೆ ಬೆಂಚು ಹಾಕಿ ಪ್ರಯೋಜನ ಇಲ್ಲ. ಹಳೆಯ ಹಂಚಿನ ಮಾಡು ಅಷ್ಟು ಕೆಳಗಿಳಿದದ್ದರ ಕಾರಣ ಈ ಲೆಕ್ಕದಲ್ಲಿದೆ.

ಅಡ್ಡಕ್ಕೆ ಏನು ಹಾಕುವುದು? ಗಾಜು ಬೇಡ. ಮಳೆ ನಿಂತರೂ ಸೆಕೆ ನಿಲ್ಲುವುದಿಲ್ಲ, ಗಾಜು ಗಾಳಿಯನ್ನೂ ತಡೆಯುತ್ತದೆ. ಮುರಕಲ್ಲನ್ನು (ಕೆಂಪುಕಲ್ಲನ್ನು) ಸಂದು ಬಿಟ್ಟು ಕಟ್ಟಿದ ಜಾಲಿ ಗೋಡೆ ಒಳ್ಳೆಯದು, ಆದರೆ ಸಂದು ಹೊರಕ್ಕೆ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಅಲ್ಲೇ ನೀರು ನಿಂತು ಒಳಕ್ಕೆ ಹರಿಯುತ್ತದೆ. ಹೊರಮುಖವಾಗಿ ವಾಲಿಸಿದ ಅಡ್ಡಪಟ್ಟಿಗಳೂ ಆದೀತು. ಹಸಿರು ನೆಟ್ಟು, ನೀಲಿ ಟಾರ್ಪಾಲು ಕಟ್ಟಿದ ಕಚೇರಿಗಳು ತುಂಬ. ಟಾರ್ಪಾಲು ಕಟ್ಟಿದಲ್ಲಿ ಹಗಲೇ ಕತ್ತಲೆ. ಓಡಾಡುವ ಜಾಗಕ್ಕೆ 100 ಲಕ್ಸ್ ಬೆಳಕಾದರೂ ಬೇಕು, ಅರ್ಜಿ ತುಂಬುವ ಮೇಜಿನ ಮೇಲೆ 300. ಫೋನಿನ ಆ್ಯಪಿನಲ್ಲಿ ಅಳೆದರೆ ನಿಖರ ಅಲ್ಲದಿದ್ದರೂ ಅಂದಾಜು ಸಿಗುತ್ತದೆ.

ಮಾಡಿನಿಂದ ಬೀಳುವ ನೀರು ಇನ್ನೊಂದು ತೊಂದರೆ. ಗಟ್ಟಿ ನೆಲಕ್ಕೆ ಬಿದ್ದು ಸಿಡಿದು ಸೀರೆಯ ಅಂಚು, ಪಂಚೆಯ ಅಂಚು ಕೆಂಪಾಗುತ್ತದೆ. ಹಿಂದೆ ಮಾಡಿನ ಅಂಚಿಗೆ ಅಡಕೆ ಮರದ ದಂಬೆ (ನೀರು ಹಿಡಿದು ಹರಿಸುವ ದೋಣಿ) ಕಟ್ಟುತ್ತಿದ್ದರು, ಈಗ ಪಿವಿಸಿ ಸಿಗುತ್ತದೆ. ಅದು ಎಲೆ ತುಂಬಿ ಕಟ್ಟಿಕೊಂಡರೆ ನೀರು ಮೊದಲಿಗಿಂತ ಕೆಟ್ಟದಾಗಿ ಒಂದೇ ಕಡೆ ಸುರಿಯುತ್ತದೆ, ಆದ್ದರಿಂದ ಮೇ ಕೊನೆಗೊಮ್ಮೆ, ಆಟಿ ತಿಂಗಳಲ್ಲೊಮ್ಮೆ (ಜುಲೈ-ಆಗಸ್ಟ್) ಬಳಿದು ತೆಗೆಯಲೇಬೇಕು. ದಂಬೆ ಬೇಡವೆಂದರೆ ನೀರು ಬೀಳುವ ಗೆರೆಯಲ್ಲಿ ಒಂದೂವರೆಯಿಂದ ಎರಡಡಿ ಅಗಲಕ್ಕೆ ಜಲ್ಲಿ ಹಾಸಿ. ಸಿಡಿಯುವುದು ಬಹಳ ಕಡಿಮೆಯಾಗುತ್ತದೆ.

ನೆಲ: ಹೊಳೆಯುವ ವಿಟ್ರಿಫೈಡ್ ಟೈಲ್ಸನ್ನು ಜಗಲಿಗೆ ಹಾಕುವುದು ಅಪಾಯ, ಅದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಒದ್ದೆ ಹವಾಯಿ ಚಪ್ಪಲಿ, ಹೊಳಪಿನ ಟೈಲು, ಎಪ್ಪತ್ತು ವರ್ಷದ ಸೊಂಟ, ಮೂರೂ ಒಂದೇ ಕಡೆ ಸೇರಬಾರದು. ಬೆಂಕಿಯಲ್ಲಿ ಸುಟ್ಟು ಮೇಲ್ಮೈ ಒರಟು ಮಾಡಿದ ಗ್ರಾನೈಟು, ಅಥವಾ ಒರಟು ಮೇಲ್ಮೈಯ ಟೈಲು ಹಾಕಿ, ಹೊರಕ್ಕೆ ಮೀಟರಿಗೆ ಒಂದು ಸೆಂಟಿಮೀಟರು ಇಳಿಜಾರು ಕೊಡಿ. ಮೆಟ್ಟಿಲಿನಲ್ಲಿ, ಮುರಕಲ್ಲಿನ ಕಟ್ಟೆಯಲ್ಲಿ ಪಾಚಿ ಕಟ್ಟಿದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬ್ಲೀಚಿಂಗ್ ಪುಡಿಯ ನೀರು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಬಿಸಿಲು ಬೀಳದ ಮೂಲೆಯಲ್ಲಿ ಅದು ಮಳೆಗಾಲ ಪೂರ್ತಿ ಮತ್ತೆ ಮತ್ತೆ ಬರುತ್ತದೆ. ಯಾರು, ಯಾವ ವಾರ ಉಜ್ಜುವುದು ಎಂಬುದು ಬರಹದಲ್ಲಿರಬೇಕು.

ಕೊಡೆಗೆ ಜಾಗ ಇಲ್ಲದಿದ್ದರೆ ಕೊಡೆ ಕುರ್ಚಿಗೆ ಕೂರುತ್ತದೆ. ಜಗಲಿಯ ಬಾಗಿಲಿಗೆ ಹತ್ತಿರ, ಕೂತಲ್ಲಿಂದ ಕಣ್ಣಿಗೆ ಕಾಣುವಂತೆ ಸೊಂಟದೆತ್ತರಕ್ಕೆ ಒಂದು ಪೈಪು ಅಡ್ಡ ಹಾಕಿ ಕೊಕ್ಕೆ ಇಳಿಬಿಡಿ. ಕಣ್ಣಿಗೆ ಕಾಣದಲ್ಲಿ ಯಾರೂ ಕೊಡೆ ಬಿಡುವುದಿಲ್ಲ. ಕೆಳಗಿನ ತಟ್ಟೆಗೆ ನೀರು ಹೊರಹೋಗುವ ತೂತು ಬೇಕೇ ಬೇಕು. ನಿಂತ ನೀರಿನಲ್ಲಿ ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟು ಬೆಳೆಯಲು ವಾರ, ಹತ್ತು ದಿನ ಸಾಕು. ಹೂಕುಂಡದ ಕೆಳಗಿನ ತಟ್ಟೆಗೂ ಇದೇ ಮಾತು.

ಆಸನ, ಗಾಳಿ, ಸದ್ದು

ಆಸನದ ಎತ್ತರ ನೆಲದಿಂದ 42ರಿಂದ 45 ಸೆಂಟಿಮೀಟರು, ಆಳ 40ರಿಂದ 45, ಒಬ್ಬರಿಗೆ ಅಗಲ 60. ಸಿಮೆಂಟಿನ ಬೆಂಚನ್ನು ಒಂದಡಿ ಎತ್ತರಕ್ಕೆ ಕಟ್ಟಿದರೆ ಮೊಣಕಾಲು ನೋವಿನವರು ಕೂತರೆ ಏಳಲಾರರು, ಆದ್ದರಿಂದ ಕೂರುವುದೇ ಇಲ್ಲ. ಕೈ ಊರಿ ಏಳಲು ಪ್ರತಿ ಮೂರು ಆಸನಕ್ಕೊಂದು ಕೈಯಾಸರೆ ಬೇಕು, ಆದರೆ ಎಲ್ಲ ಆಸನಕ್ಕೂ ಕೈಯಾಸರೆ ಹಾಕಿದರೆ ಮಗುವನ್ನು ಮಲಗಿಸಲು ಜಾಗ ಇರುವುದಿಲ್ಲ.

ಕಾರಿಡಾರಿನಲ್ಲಿ ಬೆಂಚು ಹಾಕುವ ಮೊದಲು ಅಗಲ ಅಳೆಯಿರಿ. ಬೆಂಚಿಗೆ 45 ಸೆಂಟಿಮೀಟರು, ಕೂತವರ ಕಾಲಿಗೆ ಇನ್ನೊಂದು 45. ಓಡಾಟಕ್ಕೆ 1.5 ಮೀಟರು ಉಳಿಯಬೇಕಾದರೆ ಒಟ್ಟು 2.4 ಮೀಟರು ಬೇಕು. ಅದಕ್ಕಿಂತ ಕಿರಿದಾದಲ್ಲಿ ಬೆಂಚು ಬೇಡ, ಗೋಡೆಯಲ್ಲಿ ಒರಗುವ ಪಟ್ಟಿ ಸಾಕು. ಬೆಂಕಿ ಬಿದ್ದರೆ ಎಲ್ಲರೂ ಓಡುವ ದಾರಿ ಅದೇ. ಗಾಲಿಕುರ್ಚಿ ತಿರುಗಲು 1.5 ಮೀಟರು ವ್ಯಾಸ ಬೇಕೆಂಬುದೂ ಅದೇ ಲೆಕ್ಕಕ್ಕೆ ಕೂಡುತ್ತದೆ.

ಮೂರು ಕುರ್ಚಿ ಒಂದೇ ಕಂಬಿಗೆ ಬಿಗಿದ ತೂತಿನ ಸ್ಟೀಲ್ ಆಸನ ಎಲ್ಲ ಕಚೇರಿಗಳಿಗೂ ಬಂದಿದೆ. ಗಟ್ಟಿಮುಟ್ಟು, ತೊಳೆಯಲು ಸುಲಭ, ನಿಜ. ಆದರೆ ಸಾಲಾಗಿ ಒಂದೇ ದಿಕ್ಕಿಗೆ ನೋಡುತ್ತ ಕೂತವರು ಮಾತಾಡುವುದು ಕಡಿಮೆ. ಜನರನ್ನು ಸೇರಿಸುವ ಜೋಡಣೆ, ದೂರ ಮಾಡುವ ಜೋಡಣೆ ಎಂಬ ಭೇದವನ್ನು 1950ರ ದಶಕದಲ್ಲಿ ಕೆನಡಾದ ಆಸ್ಪತ್ರೆಯೊಂದರಲ್ಲಿ ಮನೋವೈದ್ಯ ಹಂಫ್ರಿ ಓಸ್ಮಂಡ್ ಗುರುತಿಸಿದರು. ಗೋಡೆಗೆ ಸಾಲಾಗಿದ್ದ ಕುರ್ಚಿಗಳನ್ನು ಸಣ್ಣ ಮೇಜುಗಳ ಸುತ್ತ ಇಟ್ಟಾಗ ಮಾತು ಹೆಚ್ಚಿತು. ಜಗಲಿಯ ಮೂಲೆಯಲ್ಲಿ ಚಿಟ್ಟೆಯನ್ನು ‘ಎಲ್’ ಆಕಾರದಲ್ಲಿ ತಿರುಗಿಸಿದರೆ ಅದೇ ಕೆಲಸ ಆಗುತ್ತದೆ. ಮಾತು ಬೇಡದವರಿಗೆ ಸಾಲು ಆಸನವೂ ಇರಲಿ. ಎಲ್ಲರಿಗೂ ಪಟ್ಟಾಂಗ ಬೇಕೆಂದಿಲ್ಲ, ಕೆಲವರು ಬರುವುದು ದುಃಖದ ಕಾಗದ ಹಿಡಿದುಕೊಂಡು.

ಮಲಗುವಷ್ಟು ಉದ್ದದ ಒಂದು ಆಸನ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಗೇರು ತೋಟಗಳ ಮೇಲೆ 2000ದ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಜಿಲ್ಲೆ ಇದು. ಎಣ್ಮಕಜೆಯ ಕಡೆಯಿಂದ, ಮುಳ್ಳೇರಿಯದ ಕಡೆಯಿಂದ ಆ ವಿಷಕ್ಕೆ ತುತ್ತಾದವರ ಪಿಂಚಣಿಯ, ಚಿಕಿತ್ಸೆಯ ಕಾಗದಕ್ಕಾಗಿ ಬರುವ ತಾಯಂದಿರ ಮಡಿಲಲ್ಲಿ ಕೂರಲಾರದ, ಬೆಳೆದ ಮಕ್ಕಳಿರುತ್ತಾರೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಗಾಲಿಕುರ್ಚಿಯ ಆಸನದಷ್ಟೇ ಎತ್ತರ (45ರಿಂದ 48 ಸೆಂಟಿಮೀಟರು), ತೊಳೆಯಬಹುದಾದ ದಿಂಬು, ಫ್ಯಾನಿನ ಕೆಳಗೆ, ಪಾಯಿಖಾನೆಗೆ ಹತ್ತಿರ. ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲಲು 90ಕ್ಕೆ 120 ಸೆಂಟಿಮೀಟರು ಖಾಲಿ ನೆಲ. ಇಳಿಜಾರು ದಾರಿ ಹನ್ನೆರಡಡಿಗೆ ಒಂದಡಿಗಿಂತ ಕಡಿದಾಗಬಾರದು. ಹಾಳೆಯಲ್ಲಿ ಈ ಆಸನ ಹೆಚ್ಚು ಹೊತ್ತು ಖಾಲಿಯೇ ಕಾಣಿಸೀತು. ಬಳಕೆ ಕಡಿಮೆ ಎಂದು ಇದನ್ನು ತೆಗೆಯಬೇಡಿ, ಎಲ್ಲವನ್ನೂ ಶೇಕಡಾದಲ್ಲಿ ಅಳೆಯಲಾಗದು.

ಫ್ಯಾನು: 1200 ಮಿಲಿಮೀಟರಿನ ಒಂದು ಸೀಲಿಂಗ್ ಫ್ಯಾನಿನ ಗಾಳಿ ಹಿತವಾಗಿ ಮುಟ್ಟುವುದು ಸುಮಾರು ಹತ್ತಡಿಗೆ ಹತ್ತಡಿ ಜಾಗಕ್ಕೆ. ಹದಿನೈದಡಿಗೊಂದು ಹಾಕಿದರೆ ಜನ ಅದರ ಕೆಳಗೆ ಗುಂಪಾಗುತ್ತಾರೆ, ನಡುವಿನ ಕುರ್ಚಿ ಖಾಲಿ. ಸ್ವಿಚ್ಚು ಎಲ್ಲಿದೆ ಎಂಬುದಕ್ಕೂ ತೂಕ ಉಂಟು. ಕಟ್ಟಡದ ಸೆಕೆ, ಚಳಿಯನ್ನು ತಾವೇ ಸ್ವಲ್ಪ ಬದಲಿಸಿಕೊಳ್ಳಬಹುದು ಎಂಬ ಭಾವನೆ ಇರುವವರು ಅದರ ಕೊರತೆಗಳನ್ನು ಹೆಚ್ಚು ಸಹಿಸುತ್ತಾರೆ ಎಂದು ಬ್ರಿಟನ್ನಿನ ಆಡ್ರಿಯನ್ ಲೀಮನ್ ಮತ್ತು ಬಿಲ್ ಬೋರ್ಡಾಸ್ ಕಟ್ಟಡಗಳ ಅಧ್ಯಯನದಿಂದ ತೋರಿಸಿದ್ದಾರೆ. ಜಗಲಿಯ ಫ್ಯಾನಿನ ಸ್ವಿಚ್ಚು ಒಳಗಿನ ಬೀಗದ ಕೋಣೆಯಲ್ಲಿದ್ದರೆ ಆ ಭಾವನೆಗೆ ಜಾಗವೇ ಇಲ್ಲ. ಜಗಲಿಗೇ ತನ್ನಿ. ಫೋನಿನ ಚಾರ್ಜಿಗೆ ಹೊರಗೆ ಸಾಕೆಟ್ಟು ಕೊಡುವಾಗ ಮಾತ್ರ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ಕಡಿಯುವ ಸ್ವಿಚ್ಚು) ಇಲ್ಲದೆ ಕೊಡಲೇಬೇಡಿ, ಒದ್ದೆ ಕೈ, ಒದ್ದೆ ನೆಲ.

ಸಿಬ್ಬಂದಿಯ ಚಾಯದ ಮೂಲೆ ಕಾರಿಡಾರಿನ ಕುರುಡು ತುದಿಯಲ್ಲಿದ್ದರೆ ಯಾರೂ ಹೋಗುವುದಿಲ್ಲ. ದೂರ ಹೆಚ್ಚಿದಂತೆ ಸಹೋದ್ಯೋಗಿಗಳ ಮಾತು ವೇಗವಾಗಿ ಕುಸಿಯುತ್ತದೆ, ಸುಮಾರು 50 ಮೀಟರಿನ ಆಚೆಗೆ ಅದು ತೀರಾ ವಿರಳ ಎಂಬುದನ್ನು ಎಂಐಟಿಯ ಥಾಮಸ್ ಆ್ಯಲನ್ 1970ರ ದಶಕದಲ್ಲೇ ಅಳೆದಿದ್ದರು. ಎಲ್ಲರೂ ದಿನಕ್ಕೆ ನಾಲ್ಕು ಸಲ ಹಾದುಹೋಗುವ ದಾರಿಯ ಬದಿಗೆ, ಆದರೆ ದಾರಿಯಿಂದ ಒಂದು ಹೆಜ್ಜೆ ಒಳಕ್ಕೆ ಇರಲಿ. ಮೇಲಧಿಕಾರಿಯ ಕೋಣೆಯ ಬಾಗಿಲಿಗೆ ನೇರ ಕಾಣುವಂತಿದ್ದರೆ ಎಷ್ಟು ಒಳ್ಳೆಯ ಮೇಜು ಹಾಕಿದರೂ ಅಲ್ಲಿ ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವವರಿಲ್ಲ. 1500 ವ್ಯಾಟಿನ ಕೆಟಲು ಎಳೆಯುವುದು ಆರೂವರೆ ಆಂಪಿಯರು, ಆದ್ದರಿಂದ 6 ಆಂಪಿಯರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಬೇಡಿ, 16ರ ಸಾಕೆಟ್ಟೇ ಬೇಕು. ಮಾತಿನ ಸದ್ದು ಬಯಲಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ, ಟೈಲು ಮತ್ತು ಗಾಜಿನ ಕಾರಿಡಾರಿನಲ್ಲಿ ಅಷ್ಟು ಇಳಿಯದು. ತೆಂಗಿನ ನಾರಿನ ಹಲಗೆಯನ್ನು ಗೋಡೆಯಿಂದ ಎರಡು ಇಂಚು ಬಿಟ್ಟು ಕೂರಿಸಿದರೆ ಪ್ರತಿಧ್ವನಿ ತಗ್ಗುತ್ತದೆ. ಮಳೆ ತಾಗುವಲ್ಲಿ ಅದು ಬೂಷ್ಟು ಹಿಡಿಯುತ್ತದೆ, ಒಳಗಡೆಗೆ ಮಾತ್ರ ಸೈ. ಹೊರಹೋಗುವ ದಾರಿಯಲ್ಲಿ, ಮೆಟ್ಟಿಲ ಬಳಿ ಹಾಕಬಾರದು, ಅದು ಬೆಂಕಿ ಹಿಡಿಯುವ ವಸ್ತು.

ಅಂಗಳದ ಕಟ್ಟೆಗೆ ಮಾವಿನ ಮರವೋ ಅಶ್ವತ್ಥವೋ ಆದೀತು. ತೆಂಗಿನ ಕೆಳಗೆ, ಹಲಸಿನ ಕೆಳಗೆ ಎಂದೂ ಬೆಂಚು ಹಾಕಬೇಡಿ. ಬುಡದ ಸುತ್ತ ಮೂರಡಿ ಮಣ್ಣು ಬಿಟ್ಟು ಕಟ್ಟಬೇಕು, ಇಲ್ಲದಿದ್ದರೆ ಬೇರು ಕಟ್ಟೆಯನ್ನೇ ಎತ್ತುತ್ತದೆ.

ಬದಲಿಸಿದ ಮೇಲೆ

ಕಾಂಕ್ರೀಟು ಕಲಸುವ ಮೊದಲು ಹದಿನೈದು ದಿನ ಫೈಬರ್ ಕುರ್ಚಿ ಇಟ್ಟು ನೋಡಿ. ಒಮ್ಮೆಗೆ ಒಂದೇ ಬದಲಾವಣೆ. ಕುರ್ಚಿ, ಫ್ಯಾನು, ಫಲಕ ಮೂರನ್ನೂ ಒಂದೇ ವಾರ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯದು. ಮೊದಲ ವಾರದ ಲೆಕ್ಕ ನಂಬಬೇಡಿ, ಹೊಸದು ಎಂಬ ಕುತೂಹಲಕ್ಕೆ ಜನ ಕೂರುತ್ತಾರೆ. ಮಾರ್ಚಿನ ಹಾಳೆಯನ್ನು ಜುಲೈಯ ಹಾಳೆಯ ಜೊತೆ ಹೋಲಿಸಬೇಡಿ. ಮಳೆಗಾಲವನ್ನು ಮಳೆಗಾಲದ ಜೊತೆ, ಅದೇ ವಾರದ ದಿನ, ಅದೇ ಹೊತ್ತು.

ಇನ್ನೊಂದು ಸಂಗತಿ ಇಂಥ ಸಮೀಕ್ಷೆಗಳಲ್ಲಿ ತಪ್ಪಿಹೋಗುತ್ತದೆ. ಸಂಜೆಯ ಸುತ್ತುಗಳಲ್ಲಿ ಜಗಲಿ ತುಂಬಿದ್ದನ್ನು ಕಂಡು ಒಳಗಿನ ಕೆಲಸ ನಿಧಾನ ಎಂದು ತಿಳಿಯುತ್ತಾರೆ. ಕೇಳಿದರೆ ಅರ್ಧದಷ್ಟು ಜನರ ಕೆಲಸ ಆಗಲೇ ಮುಗಿದಿರಬಹುದು; ಪೈವಳಿಕೆಗೋ ಬದಿಯಡ್ಕದ ಒಳಗಿನ ಹಳ್ಳಿಗೋ ಹೋಗುವ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಉಂಟು, ಸ್ಟಾಪಿಗೆ ಮಾಡು ಇಲ್ಲ, ಅದಕ್ಕೆ ಇಲ್ಲೇ ಕೂತಿದ್ದಾರೆ. ಹಾಗಾಗಿ ಪ್ರಶ್ನೆಗಳ ಕೊನೆಗೆ ‘ಇನ್ನು ಯಾವ ಬಸ್ಸಿಗೆ?’ ಎಂದು ಸೇರಿಸಿ. ಉತ್ತರಗಳನ್ನು ಒಟ್ಟು ಮಾಡಿದರೆ ಒಂದು ಸಮಯಪಟ್ಟಿಯೇ ಆಗುತ್ತದೆ. ಅದನ್ನು ಕನ್ನಡದಲ್ಲೂ ಮಲಯಾಳದಲ್ಲೂ ದೊಡ್ಡ ಅಕ್ಷರದಲ್ಲಿ ಬರೆದು, ರಸ್ತೆ ಕಾಣುವ ಬದಿಯ ಬೆಂಚಿನ ಮೇಲ್ಗಡೆ ತೂಗುಹಾಕಿ, ಪಕ್ಕದಲ್ಲಿ ಒಂದು ಗಡಿಯಾರ ಇಡಿ.